ನಾಲ್ಕನೆಯ ತಂತಿ

ಯಲವಿಗಿ ಎಂದರೆ ಬಹಳ ಜನರಿಗೆ ಹುಬ್ಬಳ್ಳಿ–ಹಾವೇರಿ ನಡುವೆ ಸಿಗುವ ಒಂದು ರೈಲ್ವೆ ಸ್ಟೇಷನ್. ನನಗೆ ಅದು ಅಬ್ಬಾನ ವೆಲ್ಡಿಂಗ್ ಶೆಡ್. ಮುಂದೆ ಶೆಡ್, ಹಿಂದೆ ಮನೆ. ಮುಂಗಾರು ಬಿತ್ತನೆ ಹತ್ತಿರ ಬಂದರೆ ರೈತರು ಕೂರಿಗೆ, ಕುಂಟಿ, ಟ್ರೇಲರ್ ತಂದು ಬಾಗಿಲಲ್ಲಿ ನಿಂತಿರುತ್ತಾರೆ. ಗಾಳಿಮಳೆಗೆ ಕರೆಂಟ್ ಹೋಗುವುದೂ ಅದೇ ಹೊತ್ತಿಗೆ. ಅದಕ್ಕೇ ಹೋದ ವರ್ಷ ಅಬ್ಬಾ 15 ಕೆವಿಎ ಸಾಮರ್ಥ್ಯದ ಹಳೆಯ ತ್ರೀ ಫೇಸ್ ಜನರೇಟರ್ ಒಂದನ್ನು ತಂದರು.

ನಮ್ಮಲ್ಲಿ ಕಂಪ್ರೆಸರ್ ಮಾತ್ರ ತ್ರೀ ಫೇಸ್. ವೆಲ್ಡಿಂಗ್, ಗ್ರೈಂಡರ್, ಮನೆಯ ಸಾಮಾನು ಎಲ್ಲ ಸಿಂಗಲ್ ಫೇಸ್. ಸುಲಭವಾಗಲಿ ಎಂದು ಅಬ್ಬಾ ಮತ್ತು ಚಾಚಾ ಇವೆಲ್ಲವನ್ನೂ ಮೊದಲು ಒಂದೇ ಫೇಸಿಗೆ ಕೊಟ್ಟರು. ವೆಲ್ಡಿಂಗ್ ಶುರುವಾದ ಕೂಡಲೇ ಲೈಟುಗಳು ಮಂಕಾದವು, ಜನರೇಟರ್ ಏದುಸಿರು ಬಿಟ್ಟಿತು. ಮಾರಿದವನು ಮೋಸ ಮಾಡಿದ ಎಂದು ಚಾಚಾ ಬೈದರು. ಮೋಸವೇನೂ ಆಗಿರಲಿಲ್ಲ. 15 ಕೆವಿಎ ಎಂಬುದು ಮೂರೂ ಫೇಸ್ ಸೇರಿದ ಲೆಕ್ಕ. ಒಂದು ಫೇಸಿನ ಪಾಲಿಗೆ 5 ಕೆವಿಎ, ಅಂದರೆ ಸುಮಾರು 21 ಆಂಪಿಯರ್ ಮಾತ್ರ. ಆಮೇಲೆ ಹಂಚಿದೆವು: ಒಂದು ಫೇಸ್ ವೆಲ್ಡಿಂಗ್‌ಗೆ, ಒಂದು ಗ್ರೈಂಡರ್‌ಗೆ, ಒಂದು ಮನೆಗೆ. ಮೂರಕ್ಕೂ ವಾಪಸ್ ದಾರಿ ಒಂದೇ, ನ್ಯೂಟ್ರಲ್.

ಆ ನ್ಯೂಟ್ರಲ್ ಬಿಗಿಯುವ ಕೆಲಸ ಅಬ್ಬಾ ನನಗೆ ಹೇಳಿದರು. ನಾನು ಸೈನ್ಸ್ ವಿದ್ಯಾರ್ಥಿ. 120 ಡಿಗ್ರಿ ಅಂತರದ ಮೂರು ಸೈನ್ ಅಲೆಗಳನ್ನು ಕೂಡಿದರೆ ಸೊನ್ನೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದೆ. ಹಾಗಾದರೆ ನ್ಯೂಟ್ರಲ್‌ನಲ್ಲಿ ಹರಿಯುವುದೇನಿದೆ? ಲಗ್ ಹಾಕಲಿಲ್ಲ. ತಂತಿಯನ್ನು ಬೋಲ್ಟಿಗೆ ಸುತ್ತಿ, ಕೈಯಿಂದಲೇ ನಟ್ ತಿರುಗಿಸಿ ಎದ್ದು ಬಂದೆ.

ಒಂದು ತಿಂಗಳು ಏನೂ ಆಗಲಿಲ್ಲ. ಜನರೇಟರ್ ನಡುಗುತ್ತಾ ನಡುಗುತ್ತಾ ನಟ್ ಸಡಿಲಾಗುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ವೆಲ್ಡಿಂಗ್ ಬಂದ್ ಇತ್ತು, ಚಾಚಾ ದೊಡ್ಡ ಗ್ರೈಂಡರ್ ಹಿಡಿದಿದ್ದರು. ಇದ್ದಕ್ಕಿದ್ದಂತೆ ಗ್ರೈಂಡರ್ ಸೋತಿತು. ಮನೆಯಲ್ಲಿ ಬಲ್ಬುಗಳು ಬೆಳ್ಳಗೆ ಉರಿದು ಆರಿದವು. ಟಿವಿಯಿಂದ ಹೊಗೆ ಬಂತು. ಅಮ್ಮಿ ಹೊಲಿಗೆಯ ದುಡ್ಡು ಕೂಡಿಸಿ ತಂದಿದ್ದ ಫ್ರಿಜ್ ಕೂಡ ಹೋಯಿತು. ಕಂಪ್ರೆಸರ್ ಮಾತ್ರ ಏನೂ ಆಗದವರ ಹಾಗೆ ಓಡುತ್ತಿತ್ತು. ಅದಕ್ಕೆ ನ್ಯೂಟ್ರಲ್ ಬೇಕಾಗಿಲ್ಲ.

ಮರುದಿನ ಸವಣೂರಿನಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಾಕಾ ಬಂದರು. ಡಬ್ಬಿ ಬಿಚ್ಚಿ ನೋಡಿ, "ನ್ಯೂಟ್ರಲ್ ಬಿಟ್ಟೈತಿ. ಇದನ್ನ ಯಾರು ಬಿಗಿದಿದ್ರು?" ಎಂದರು. ಅಬ್ಬಾ ಸುಮ್ಮನಿದ್ದರು. ನನ್ನ ಹೆಸರು ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. "ನಾನ ರೀ ಕಾಕಾ" ಎಂದೆ.

ಅವರು ಬೈಯಲಿಲ್ಲ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಎರಡು ಫೇಸ್‌ಗಳ ನಡುವೆ 415 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಹೋದರೆ ಮನೆ ಮತ್ತು ಗ್ರೈಂಡರ್ ಆ 415ಕ್ಕೆ ಸರಣಿಯಲ್ಲಿ ಸೇರಿದಂತೆ. ಗ್ರೈಂಡರ್ 2000 ವ್ಯಾಟ್, ಮನೆ 500 ವ್ಯಾಟ್ ಎಂದಿಟ್ಟುಕೊಂಡರೆ ಮನೆಯ ರೋಧ ನಾಲ್ಕು ಪಟ್ಟು. ಆಗ ಮನೆಗೆ ಬೀಳುವುದು 332 ವೋಲ್ಟ್, ಗ್ರೈಂಡರ್‌ಗೆ ಬರೀ 83. ಕಡಿಮೆ ಬಳಸುವವರ ಮೇಲೆ ಹೆಚ್ಚು ಹೊಡೆತ. "ನಿನ್ನ ಸೊನ್ನೆ ಖರೇನ ಐತಿ ತಮ್ಮಾ. ಆದ್ರ ಮೂರೂ ಲೋಡ್ ಸಮ ಇದ್ದಾಗಷ್ಟ. ಮನ್ಯಾಗ ಯಾವತ್ತರ ಸಮ ಇರ್ತಾವೇನು?"

ಕಾಕಾ ನ್ಯೂಟ್ರಲ್‌ಗೆ ಲಗ್ ಒತ್ತಿ, ಸ್ಪ್ರಿಂಗ್ ವಾಷರ್ ಹಾಕಿ ಪಾನಾದಿಂದ ಬಿಗಿದರು. ಜನರೇಟರ್‌ನ ನ್ಯೂಟ್ರಲ್‌ಗೂ ಮೈಗೂ ಅರ್ಥಿಂಗ್ ಕೊಟ್ಟರು. ಹಳೆಯ ಸ್ವಿಚ್ ತೆಗೆದು ನಾಲ್ಕು ಪೋಲಿನ ಚೇಂಜ್‌ಓವರ್ ಕೂರಿಸಿದರು. ಜನರೇಟರ್ ಕರೆಂಟ್ ತಪ್ಪಿ ಊರಿನ ಲೈನಿಗೆ ಹೋದರೆ ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟ್‌ಗೆ ಏರಿಸಬಹುದು. ಕರೆಂಟ್ ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗುತ್ತದೆ.

ಫ್ರಿಜ್ ಇನ್ನೂ ಬಂದಿಲ್ಲ. ಅಮ್ಮಿ ಒಂದು ಮಾತೂ ಅಂದಿಲ್ಲ, ಅದೇ ಹೆಚ್ಚು ನೋವು. ಈಗ ಪ್ರತಿ ಶುಕ್ರವಾರ ಶೆಡ್ ಬಂದ್ ಇದ್ದಾಗ, ಜನರೇಟರ್ ನಿಲ್ಲಿಸಿ, ಆ ನಟ್ ನೋಡುವ ಕೆಲಸ ನನ್ನದು. ಅಬ್ಬಾ ಅದನ್ನು ಮತ್ತೆ ನನಗೇ ಕೊಟ್ಟಿದ್ದಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ