ಹಳೆಯ ಚಿತ್ರವೂ ಹೊಸ ಯಂತ್ರವೂ

ಮನೆ ಬದಲಾಯಿಸುವಾಗ ಗೃಹಸ್ಥನು ಪಾತ್ರೆಪದಾರ್ಥಗಳನ್ನೆಲ್ಲ ಎಣಿಸಿ ಗಾಡಿಗೆ ಏರಿಸುವನು. ಆದರೂ ಹೊಸ ಮನೆಯಲ್ಲಿ ಒಲೆ ಹಚ್ಚುವ ಹೊತ್ತಿಗೆ ಯಾವುದೋ ಒಂದು ಸಾಮಾನು ಹಳೆಯ ಮನೆಯ ಅಟ್ಟದ ಮೇಲೆಯೇ ಉಳಿದುಹೋಯಿತೆಂಬುದು ನೆನಪಿಗೆ ಬರುವುದು. ಕಂಪ್ಯೂಟರು ಬದಲಾಯಿಸುವವರ ಪಾಡೂ ಇದಕ್ಕಿಂತ ಬೇರೆಯಲ್ಲ. ಕಳೆದ ಬೇಸಗೆಯಲ್ಲಿ ನಮಗಾದ ಅನುಭವವು ಒಂದೆರಡು ಮನೆಗಳಿಗಾದರೂ ಉಪಯೋಗವಾದೀತೆಂದು ನಂಬಿ ಇದನ್ನು ಬರೆಯುತ್ತಿದ್ದೇವೆ.

2008ರಲ್ಲಿ ನಮ್ಮ ಅಕ್ಕನ ಮಗಳ ವಿವಾಹವು ಸಾಗರದಲ್ಲಿ ನಡೆಯಿತು. ಆ ದಿನ ನಮ್ಮ ಮಾತೃಶ್ರೀಯವರು ಹಸೆಗೆ ಕರೆಯುವ ಹಾಡೊಂದನ್ನು ಹೇಳಿದ್ದರು. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ತಮ್ಮ ಅತ್ತೆಯವರ ಬಾಯಿಂದ ಕಲಿತದ್ದು. ಮದುವೆಯ ದೃಶ್ಯಗಳನ್ನೆಲ್ಲ ನಾವು ಆಗಿನ ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿದ್ದ ಮೂವಿ ಮೇಕರ್ ಎಂಬ ತಂತ್ರಾಂಶದಿಂದ ಕತ್ತರಿಸಿ ಜೋಡಿಸಿ, ಒಂದು ಸಿ.ಡಿ.ಗೆ ಬರೆದಿದ್ದೆವು. 2012ರಲ್ಲಿ ಮಾತೃಶ್ರೀಯವರು ತೀರಿಕೊಂಡರು. ಈಗ ಅಕ್ಕನ ಮೊಮ್ಮಗಳು, ಹದಿನಾಲ್ಕು ವರ್ಷದ ಬಾಲಿಕೆ, “ಮುತ್ತಜ್ಜಿಯ ಹಾಡನ್ನು ನಾನು ಕಲಿಯಬೇಕು, ಅಜ್ಜಯ್ಯ” ಎಂದು ಕೇಳಿದಳು. ಸಿ.ಡಿ.ಯನ್ನು ಹುಡುಕಿ ತೆಗೆದೆವು. ಅದು ಗೀರುಬಿದ್ದು ನಿರುಪಯುಕ್ತವಾಗಿತ್ತು.

ಆದರೂ ನಾವು ಧೈರ್ಯಗೆಡಲಿಲ್ಲ. ಚಿತ್ರವನ್ನು ಜೋಡಿಸಿದ ‘ಪ್ರಾಜೆಕ್ಟ್’ ಫೈಲನ್ನು ಒಂದು ಪೆನ್ ಡ್ರೈವಿನಲ್ಲಿ ಜೋಪಾನಮಾಡಿದ್ದೆವಷ್ಟೆ! ಅದನ್ನು ಹೊಸ ಯಂತ್ರಕ್ಕೆ ಹಾಕಿದೆವು. ಯಂತ್ರವು ಅದನ್ನು ಗುರುತಿಸಲೇ ಇಲ್ಲ. ಮೂವಿ ಮೇಕರನ್ನು ಒದಗಿಸುವುದು 2017ರ ಜನವರಿಯಲ್ಲಿಯೇ ನಿಂತುಹೋಗಿದೆ. ಇಂಥ ಕಷ್ಟವು ನಮ್ಮಂಥವರಿಗೆ ಮಾತ್ರವಲ್ಲ, ಕಸಬಿನವರಿಗೂ ಬಂದಿದೆ. 2011ರಲ್ಲಿ ಫೈನಲ್ ಕಟ್ ಪ್ರೋ ಎಂಬ ತಂತ್ರಾಂಶವು ಹೊಸದಾಗಿ ರಚಿತವಾಗಿ ಬಂದಾಗ, ತನ್ನ ಹಿಂದಿನ ಆವೃತ್ತಿಯ ಪ್ರಾಜೆಕ್ಟುಗಳನ್ನು ಅದು ತಾನಾಗಿ ತೆರೆಯಲಾರದಾಗಿತ್ತು.

ನಮ್ಮ ಊರಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನಲ್ಲಿ ಎಕ್ಸ್‌ಪಿ ಇರುವ ಲ್ಯಾಪ್‌ಟಾಪೊಂದು ಇನ್ನೂ ಉಸಿರಾಡುತ್ತಿದೆ. 2014ರಿಂದ ಆ ವ್ಯವಸ್ಥೆಗೆ ರಕ್ಷಣೆಯ ಪರಿಷ್ಕಾರಗಳು ನಿಂತಿರುವುದರಿಂದ ಅದಕ್ಕೆ ಅಂತರಜಾಲದ ಸಂಪರ್ಕವನ್ನು ಅವನು ಕೊಡುವುದಿಲ್ಲ. ಅಲ್ಲಿ ಪ್ರಾಜೆಕ್ಟು ತೆರೆಯಿತು. ಆದರೆ ಒಂದೊಂದು ದೃಶ್ಯದ ಸ್ಥಳದಲ್ಲಿಯೂ ಕೆಂಪು ಗುಣಾಕಾರದ ಗುರುತು! ಶಿಷ್ಯನು ನಗುತ್ತ, “ಮೇಷ್ಟ್ರೇ, ಈ ಫೈಲು ಒಂದು ಎಂ.ಬಿ. ಕೂಡ ಇಲ್ಲ. ಟೇಪಿನ ಕ್ಯಾಮೆರಾದಿಂದ ತೆಗೆದ ಚಿತ್ರ ಗಂಟೆಗೆ ಹದಿಮೂರು ಜಿ.ಬಿ. ಆಗುತ್ತದೆ. ಇದರೊಳಗೆ ಮದುವೆ ಹೇಗೆ ಇದ್ದೀತು?” ಎಂದನು.

ನಮಗೆ ಆಗ ತಿಳಿವು ಬಂತು. ಸಂಸ್ಕೃತದ ವ್ಯಾಖ್ಯಾನಕಾರರು ಶ್ಲೋಕವನ್ನು ಪೂರ್ತಿಯಾಗಿ ಬರೆಯುವುದಿಲ್ಲ. ಮೊದಲಿನ ಒಂದೆರಡು ಪದಗಳನ್ನು ಪ್ರತೀಕವಾಗಿ ಹಿಡಿದು ಅರ್ಥ ಹೇಳುತ್ತ ಹೋಗುವರು. ಮೂಲಗ್ರಂಥವು ಕೈಯಲ್ಲಿಲ್ಲದವನಿಗೆ ಆ ವ್ಯಾಖ್ಯಾನದಿಂದ ಪ್ರಯೋಜನವೇನು? ಪ್ರಾಜೆಕ್ಟ್ ಫೈಲೂ ಹಾಗೆಯೇ. ಇಂಥ ಡಿಸ್ಕಿನ ಇಂಥ ಫೋಲ್ಡರಿನ ಇಂಥ ಫೈಲಿನಿಂದ ಇಷ್ಟನೆಯ ಕ್ಷಣದಿಂದ ಇಷ್ಟನೆಯ ಕ್ಷಣದವರೆಗೆ ತೋರಿಸತಕ್ಕದ್ದು ಎಂಬ ವಿಧಿ ಮಾತ್ರ ಅದರಲ್ಲಿರುತ್ತದೆ. ನಾವು ಮೂಲವನ್ನು ಬಿಟ್ಟು ಟೀಕೆಯನ್ನು ಕಾಪಾಡಿದ್ದೆವು! ತಪ್ಪು ತಂತ್ರಾಂಶದ್ದಲ್ಲ, ನಮ್ಮದು.

ಪುಣ್ಯಕ್ಕೆ ಕೆಟ್ಟ ಹಳೆಯ ಯಂತ್ರವನ್ನು ಗುಜರಿಗೆ ಹಾಕಿರಲಿಲ್ಲ. ಅದರ ಡಿಸ್ಕನ್ನು ಬಿಚ್ಚಿ, ಮೊದಲು ಅದರ ಪೂರ್ಣ ಪ್ರತಿಯೊಂದನ್ನು ಮಾಡಿ, ಪ್ರತಿಯನ್ನೇ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಆದರೂ ಕೆಂಪು ಗುರುತುಗಳು ಹೋಗಲಿಲ್ಲ. ಹಿಂದೆ ‘ಡಿ’ ಎಂಬ ಅಕ್ಷರದಿಂದಿದ್ದ ಭಾಗಕ್ಕೆ ಈ ಯಂತ್ರವು ‘ಇ’ ಎಂದು ಹೆಸರಿಟ್ಟಿತ್ತು. ‘ಡಿ’ ಎಂಬುದು ಇಲ್ಲಿ ಸಿ.ಡಿ. ಹಾಕುವ ತಟ್ಟೆಯದಾಗಿತ್ತು. ಶಿಷ್ಯನು ತಟ್ಟೆಗೆ ಬೇರೆ ಅಕ್ಷರವನ್ನು ಕೊಟ್ಟು, ನಮ್ಮ ಭಾಗಕ್ಕೆ ‘ಡಿ’ ಎಂಬುದನ್ನು ಮರಳಿಸಿದನು. ಮತ್ತೆ ತೆರೆದೊಡನೆ ಚಪ್ಪರ, ವಾಲಗ, ಧಾರೆ ಎಲ್ಲವೂ ಎದ್ದುಬಂದವು. ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ್ದ ಶೀರ್ಷಿಕೆಗಳು ಮಾತ್ರ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು. ಆ ಬಗೆಯ ಫಾಂಟುಗಳು ಯೂನಿಕೋಡಿನವಲ್ಲ. ರೋಮನ್ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಹೊದಿಸಿದವು. ಅದೇ ಫಾಂಟನ್ನು ಹಾಕಿದ ಮೇಲೆ ಕನ್ನಡವು ಕನ್ನಡವಾಯಿತು.

ಆದರೆ ಒಂದು ಕೆಂಪು ಗುರುತು ಉಳಿಯಿತು. ಅದು ಮಾತೃಶ್ರೀಯವರ ಹಾಡಿನದೇ!

ಆ ದೃಶ್ಯದ ವಿಳಾಸವು ‘ಎಫ್’ ಎಂಬ ಡಿಸ್ಕನ್ನು ತೋರಿಸುತ್ತಿತ್ತು. ಬಹಳ ಹೊತ್ತು ಯೋಚಿಸಿದ ಮೇಲೆ ನೆನಪಾಯಿತು. ಅದನ್ನು ತೆಗೆದವನು ಅಕ್ಕನ ಮಗ, ತನ್ನ ಚಿಕ್ಕ ಕ್ಯಾಮೆರಾದಲ್ಲಿ. ಅದರ ಕಾರ್ಡನ್ನು ನಾವು ಯಂತ್ರಕ್ಕೆ ಸಿಕ್ಕಿಸಿ, ಡಿಸ್ಕಿಗೆ ಇಳಿಸದೆ, ಅಲ್ಲಿಂದಲೇ ಜೋಡಿಸಿಬಿಟ್ಟಿದ್ದೆವು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅಕ್ಕನಿಗೆ ಫೋನು ಮಾಡಿದೆವು. “ಕಾರ್ಡು ಎಲ್ಲಿ ಹೋಯಿತೋ ಕಾಣೆ ಕಣೋ. ಮಾಣಿ ಆಗ ಫೋಟೋಗಳನ್ನೆಲ್ಲ ಒಂದು ಸಿ.ಡಿ.ಗೆ ಹಾಕಿ ಕೊಟ್ಟಿದ್ದ, ಭಜನೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯಲ್ಲಿ ನೋಡುತ್ತೇನೆ” ಎಂದಳು. ಮೂರನೆಯ ದಿನ ಸಿ.ಡಿ. ಬಂತು. ಎರಡು ಯಂತ್ರಗಳು ಅದನ್ನು ಓದಲಿಲ್ಲ, ಮೂರನೆಯದು ಓದಿತು. ಪ್ರಾಜೆಕ್ಟು ಕೇಳುತ್ತಿದ್ದ ಹೆಸರಿನ ಫೈಲೇ ಅದರಲ್ಲಿತ್ತು.

ಮೊದಲು ಆ ಫೈಲನ್ನೇ ನೇರವಾಗಿ ನೋಡಿದೆವು. ಮಾತೃಶ್ರೀಯವರು ಎರಡು ನುಡಿ ಹಾಡಿ ನಿಂತರು. ಅಕ್ಕನ ಕಡೆ ತಿರುಗಿ “ಮುಂದೆ ಎಂತದೇ?” ಎಂದು ಕೇಳಿದರು. ಅವಳು ನಕ್ಕು ಹೇಳಿಕೊಟ್ಟ ಮೇಲೆ ಮೂರನೆಯ ನುಡಿಯನ್ನು ಹಾಡಿ ಮುಗಿಸಿದರು. ನಮ್ಮ 2008ರ ಚಿತ್ರದಲ್ಲಿ ಇದಾವುದೂ ಇರಲಿಲ್ಲ. ಮರೆತದ್ದು ದೋಷವೆಂದೆಣಿಸಿ, ಅಲ್ಲಿಂದ ಮುಂದಿನದನ್ನೆಲ್ಲ ನಾವೇ ಕತ್ತರಿಸಿದ್ದೆವು. ಗೀರುಬಿದ್ದ ಸಿ.ಡಿ. ಸರಿಯಾಗಿ ನಡೆದಿದ್ದರೆ ನಾವು ಅಷ್ಟಕ್ಕೇ ತೃಪ್ತರಾಗಿ, ಬಾಲಿಕೆಗೆ ಎರಡು ನುಡಿಯ ಹಾಡನ್ನೇ ಪೂರ್ಣವೆಂದು ಕಲಿಸುತ್ತಿದ್ದೆವು. ಈ ಬಗೆಯ ತಂತ್ರಾಂಶವು ಮೂಲವನ್ನು ಮುಟ್ಟುವುದಿಲ್ಲ. ನಾವು ಕತ್ತರಿಸಿದೆವೆಂದರೆ ವಿಧಿಯಲ್ಲಿ ಬಿಟ್ಟೆವೆಂದೇ ಅರ್ಥ. ಯಾವ ಗುಣವು ನಮ್ಮನ್ನು ಇಷ್ಟು ಅಲೆಸಿತೋ ಅದೇ ಗುಣದಿಂದ ಮೂರನೆಯ ನುಡಿಯು ಉಳಿದಿತ್ತು.

ಆ ಭಾಗವನ್ನು, ಮರೆವು ನಗುಗಳ ಸಮೇತವಾಗಿ, ಚಿತ್ರದೊಳಕ್ಕೆ ಮರಳಿ ಸೇರಿಸಿದೆವು. ಸಿದ್ಧವಾದ ಚಿತ್ರವನ್ನು ಹೊಸ ಯಂತ್ರದಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂ.ಪಿ.4 ರೂಪಕ್ಕೆ ಪರಿವರ್ತಿಸಿ, ಮೂರು ಪ್ರತಿಗಳನ್ನು ಮಾಡಿದೆವು: ಒಂದು ನಮ್ಮಲ್ಲಿ, ಒಂದು ಸಾಗರದಲ್ಲಿ, ಒಂದು ಶಿಷ್ಯನಲ್ಲಿ. ಮೂಲದ ಫೈಲುಗಳನ್ನೂ ಫಾಂಟನ್ನೂ ಪ್ರಾಜೆಕ್ಟನ್ನೂ ಈಗ ಒಂದೇ ಫೋಲ್ಡರಿನಲ್ಲಿಟ್ಟಿದ್ದೇವೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಹಳೆಯ ಯಂತ್ರವು ನಡೆಯುತ್ತಿರುವಾಗಲೇ ಪ್ರಾಜೆಕ್ಟುಗಳನ್ನು ತೆರೆದು, ಕೆಂಪು ಗುರುತುಗಳಿವೆಯೇ ಎಂದು ನೋಡಿರಿ. ಸಿದ್ಧ ಚಿತ್ರವೊಂದನ್ನು ಹೊರತೆಗೆಯಿರಿ. ಮೂಲವನ್ನು ಮಾತ್ರ ಅಳಿಸಬೇಡಿರಿ. ಬಾಲಿಕೆಯು ಈಗ ಮೂರು ನುಡಿಗಳನ್ನೂ ಹಾಡುತ್ತಾಳೆ. ಎರಡನೆಯದು ಮುಗಿದೊಡನೆ ತಾನೂ ಒಂದು ಕ್ಷಣ ನಿಂತು ಅಜ್ಜಿಯ ಕಡೆಗೆ ನೋಡುತ್ತಾಳೆ. ಹಾಡಿನ ರೀತಿಯೇ ಅದೆಂದು ಅವಳು ತಿಳಿದಿರುವಂತಿದೆ. ನಾವು ತಿದ್ದಲಿಲ್ಲ.