ಬ್ಲಫ್ ದಿಬ್ಬವೂ ಪರದೇಶದ ಮಕ್ಕಳ ಪಾಠಶಾಲೆಯೂ

ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಹೋಗುವವರಿಗೆ ಬ್ಲಫ್ ಎಂಬ ಊರು ಸಿಕ್ಕುವುದು. ಹಳ್ಳಿ, ಪುರ, ಕೊಪ್ಪಲುಗಳೇ ತುಂಬಿದ ಈ ಸೀಮೆಯಲ್ಲಿ ಇಂತಹ ಹೆಸರೆಲ್ಲಿಂದ ಬಂದಿತೆಂದು ಹೊಸ ಯಾತ್ರಿಕನು ಬೆರಗಾಗುವನು. ನೀರಿನ ಮೇಲೆ ಗೋಡೆಯಂತೆ ಎದ್ದು ನಿಂತ ದಿಬ್ಬಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುವರು. ಸುಳ್ಳು ಬೆದರಿಕೆಯೆಂಬ ಬೇರೊಂದು ಅರ್ಥವೂ ಆ ಮಾತಿಗುಂಟು. ಆದರೆ ದಿಬ್ಬದ ಅಂಚಿನಲ್ಲಿ ನಿಂತು ಕೆಳಗಿನ ಕಣಿವೆಯನ್ನು ನೋಡಿದವರಾರೂ ಇದು ಸುಳ್ಳು ಬೆದರಿಕೆಯೆಂದು ಹೇಳಲಾರರು.

ಇಲ್ಲಿ ಕಾವೇರಿಯು ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಳಸಿ, ಪಶ್ಚಿಮದಲ್ಲಿ ಗಗನಚುಕ್ಕಿಯೆಂದೂ ಪೂರ್ವದಲ್ಲಿ ಭರಚುಕ್ಕಿಯೆಂದೂ ಧುಮುಕುತ್ತಾಳೆ. ಆ ರಭಸವನ್ನು ಕೆಲಸಕ್ಕೆ ಹಚ್ಚಬೇಕೆಂಬ ಯೋಜನೆಯು ಸರ್ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, ಇಂಜಿನಿಯರ್ ಜಾಲಿ ದ ಲಾಟ್ಬಿನಿಯೇರರ ಉದ್ಯಮದಿಂದ ರೂಪುಗೊಂಡಿತು. ವಿದ್ಯುದ್ಯಂತ್ರಗಳನ್ನು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯೂ, ನೀರಿನಿಂದ ತಿರುಗುವ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯೂ ಒದಗಿಸಿದುವು. ಅವುಗಳನ್ನು ಎತ್ತಿನ ಗಾಡಿಗಳೂ ಆನೆಗಳೂ ಇಲ್ಲಿಗೆ ಎಳೆದು ತಂದುವು. ಶೇಷಾದ್ರಿ ಅಯ್ಯರವರು 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ, ತೊಂಬತ್ತು ಮೈಲಿಗೂ ಮಿಕ್ಕಿದ ದೂರಕ್ಕೆ, ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ.

ಯಂತ್ರಗಳೊಡನೆ ಅವುಗಳನ್ನು ಬಲ್ಲವರೂ ಬಂದರು. ಅಮೆರಿಕಾದ ಇಂಜಿನಿಯರ್ ಎಚ್. ಪಿ. ಗಿಬ್ಸರು ಅಂಥವರಲ್ಲೊಬ್ಬರು, ಮುಂದೆ ಅವರು ಮೈಸೂರಿನ ವಿದ್ಯುತ್ ಶಾಖೆಗೆ ಮುಖ್ಯಸ್ಥರಾದರು. ಸುತ್ತಲೂ ಕಾಡು, ಮಲೇರಿಯಾ ಜ್ವರದ ಭಯ, ತಾಯ್ನಾಡಿಗೆ ವಾರಗಟ್ಟಲೆಯ ಹಡಗಿನ ಪ್ರಯಾಣ. ಸಂಸಾರವಂದಿಗನಾದವನು ಇಂತಹ ಸ್ಥಳಕ್ಕೆ ಬರುವಾಗ ಸಂಬಳಕ್ಕಿಂತಲೂ ಮೊದಲು ವಿಚಾರಿಸಬೇಕಾದುದು ಒಂದುಂಟು: ಮಕ್ಕಳು ಓದುವುದೆಲ್ಲಿ?

ಆ ಕಾಲದ ದೊರೆಗಳ ಮನೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾದ ಉತ್ತರವು ಕಠಿಣವಾದುದು. ಏಳೆಂಟು ವರ್ಷದ ಮಗುವನ್ನು ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸುವರು. ತಾಯಿಯು ಮತ್ತೆ ನೋಡುವ ಹೊತ್ತಿಗೆ ಮಗನಿಗೆ ಮೀಸೆ ಮೂಡಿರುತ್ತಿದ್ದಿತು. ಅಗಲಿಕೆ ಬೇಡವೆಂದವರು ಈ ನಾಡಿನಲ್ಲಿಯೇ ಶಾಲೆಗಳನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿ ಬಿಷಪ್ ಕಾಟನ್ ಶಾಲೆಯು 1865ರಲ್ಲಿಯೂ, ಅಮೆರಿಕಾದ ಮೆಥಡಿಸ್ಟರ ಬಾಲ್ಡ್‌ವಿನ್ ಶಾಲೆಯು 1880ರಲ್ಲಿಯೂ ಹುಟ್ಟಿದುದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ. ಬ್ಲಫಿನ ಕೆಲಸವು ನಡೆಯುತ್ತಿದ್ದ 1901ರಲ್ಲಿಯೇ ದಕ್ಷಿಣದ ಪಳನಿ ಬೆಟ್ಟದ ಮೇಲೆ, ಕೊಡೈಕೆನಾಲಿನಲ್ಲಿ, ಅಮೆರಿಕಾದ ಪಾದ್ರಿಗಳು ಹೈಕ್ಲರ್ಕ್ ಎಂಬ ಹಳೆಯ ಹೋಟೆಲಿನಲ್ಲಿ ತಮ್ಮ ಮಕ್ಕಳಿಗೆ ಒಂದು ಶಾಲೆಯನ್ನು ತೆರೆದರು. ಮೊದಲು ಸೇರಿದವರು ಹದಿಮೂರೇ ಮಕ್ಕಳು. ಮಾರ್ಗರೆಟ್ ಎಡ್ಡಿ ಎಂಬ ತಾಯಿಯು ಮೊದಲ ಮುಖ್ಯೋಪಾಧ್ಯಾಯಿನಿ. ಮೋಟಾರು ದಾರಿಯಿಲ್ಲದ ಆ ದಿನಗಳಲ್ಲಿ ಮಕ್ಕಳನ್ನು ಕುರ್ಚಿಗಳಲ್ಲಿ ಕೂರಿಸಿ, ಕೂಲಿಯವರು ಏಳು ಸಾವಿರ ಅಡಿಯ ಬೆಟ್ಟವನ್ನು ಹೊತ್ತು ಹತ್ತಿಸುತ್ತಿದ್ದರು. ಹೊತ್ತವರ ಮಕ್ಕಳಿಗೆ ಆ ಶಾಲೆಯಲ್ಲಿ ಸ್ಥಳವಿರಲಿಲ್ಲವೆಂಬುದನ್ನೂ ಹೇಳಬೇಕು. ಪಾಠಗಳೆಲ್ಲ ಅಮೆರಿಕಾದ ಕ್ರಮದವು. ಮಗುವು ಮುಂದೆ ಸ್ವದೇಶದ ಕಾಲೇಜಿಗೆ ಅಡ್ಡಿಯಿಲ್ಲದೆ ಸೇರಬೇಕೆಂಬುದೇ ಉದ್ದೇಶ. 1970ರ ದಶಕದಲ್ಲಿ ಅದು ಅಂತರರಾಷ್ಟ್ರೀಯ ಶಾಲೆಯಾಗಿ ಮಾರ್ಪಟ್ಟು, ಇಂದು ಅಲ್ಲಿ ನಾನಾ ದೇಶಗಳ ಮಕ್ಕಳೊಡನೆ ಭಾರತದ ಮಕ್ಕಳೂ ಓದುತ್ತಾರೆ.

ಈಗ ಅದೇ ಚಿಂತೆಯು ನಮ್ಮ ಮನೆಗಳಿಗೆ ಬಂದಿದೆ. ಮಂಡ್ಯದ ಹುಡುಗನು ಇಂಜಿನಿಯರಾಗಿ ದುಬೈಗೆ ಹೋಗುತ್ತಾನೆ; ಹೆಂಡತಿ ಮಕ್ಕಳೂ ಹಿಂದೆಯೇ ಹೊರಡುತ್ತಾರೆ. ಅಲ್ಲಿ 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಹೈಸ್ಕೂಲ್ ಮೊದಲಾದ ಶಾಲೆಗಳಲ್ಲಿ ಭಾರತದ ಪಾಠಕ್ರಮವೇ ನಡೆಯುವುದರಿಂದ, ಊರಿಗೆ ಮರಳಿದರೆ ಮಗುವಿನ ಓದು ಕೆಡುವುದಿಲ್ಲ. ಕೊಡೈಕೆನಾಲಿನ ಪಾದ್ರಿಗಳ ಲೆಕ್ಕಾಚಾರವೂ ಇದೇ ಅಲ್ಲವೆ? ಆದರೆ ಅವರಿಗೆ ಶಾಲೆಯ ಭಾಷೆಯೂ ಮನೆಯ ಭಾಷೆಯೂ ಒಂದೇ ಆಗಿದ್ದುವು. ನಮ್ಮವರಿಗೆ ಆ ಭಾಗ್ಯವಿಲ್ಲ. ಗಣಿತ ವಿಜ್ಞಾನಗಳಲ್ಲಿ ಜಾಣನಾದ ಮೊಮ್ಮಗನು ಅಜ್ಜಿಯ ಕಾಗದವನ್ನು ಓದಲಾರನು. ಈ ಕೊರತೆಯನ್ನು ನೀಗಲು ಅಲ್ಲಿಯ ಕನ್ನಡಿಗರು ರಜಾದಿನಗಳಲ್ಲಿ ಕನ್ನಡ ಪಾಠಶಾಲೆಯನ್ನು ನಡೆಸುತ್ತಾರೆ. ಶುಲ್ಕವಿಲ್ಲ, ಕಲಿಸುವವರು ಸಂಬಳವನ್ನು ಬಯಸುವುದಿಲ್ಲ. ವಾರಕ್ಕೊಂದು ದಿನದ ಪಾಠದಿಂದ ಪಾಂಡಿತ್ಯ ಬಾರದೆಂಬುದು ನಿಜ. ಆದರೂ ಕಾಗುಣಿತ ಬಂದರೆ ಅಜ್ಜಿಯ ಕಾಗದಕ್ಕೆ ಅಷ್ಟು ಸಾಕು.

ಅಲ್ಲಿಯ ಶಾಲೆಗಳಿಗೆ ಬೇಸಗೆಯ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಗಗನಚುಕ್ಕಿಯು ತುಂಬಿ ಬೀಳುವುದೂ ಆಗಲೇ. ಮೊಮ್ಮಕ್ಕಳು ಊರಿಗೆ ಬಂದಾಗ ಒಂದು ದಿನ ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಕರೆತರಬಹುದು. ಮಳವಳ್ಳಿಯ ಕಡೆಯ ದಡದಿಂದಲೇ ಜಲಪಾತವು ಚೆನ್ನಾಗಿ ಕಾಣುತ್ತದೆ. ಕೆಳಗಿನ ವಿದ್ಯುದಾಗಾರಕ್ಕೆ ಇಳಿಯಬೇಕಾದರೆ ಮೊದಲೇ ಅಪ್ಪಣೆ ಪಡೆದಿರಬೇಕು. ನೀರಿಗೆ ಇಳಿಯಗೊಡಬಾರದು, ಬಂಡೆಗಳು ಬಹಳ ಜಾರುತ್ತವೆ.