ಪಾಳಿ

ಮದುವೆಯಾಗಿ ಧಾರವಾಡದಿಂದ ನಾಸಿಕಕ್ಕೆ ಹೋದ ಹೊಸತು. ನಮ್ಮ ಮನೆಯವರಿಗೆ ಸಾತಪುರದ ಕಾರ್ಖಾನೆಯಲ್ಲಿ ಕೆಲಸ. ಎರಡು ವರ್ಷ ಮಕ್ಕಳು ಬೇಡವೆಂದು ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರಬಾಯಿ ‘ಪಾಳೀ ಕಧೀ ಆಲೀ?’ ಎಂದರು. ‘ಈ ವಾರ ರಾತ್ರಿಯದು’ ಎಂದೆ. ನಮ್ಮಲ್ಲಿ ಪಾಳಿ ಕಾರ್ಖಾನೆಯದು, ಮರಾಠಿಯಲ್ಲಿ ಮುಟ್ಟು!

ಮಾಲಾ-ಎನ್ ಕೊಟ್ಟರು. 28 ಗುಳಿಗೆ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಅದೇ ವಾರ ಔರಂಗಾಬಾದಿನ ವಾಳೂಜಿಗೆ ವರ್ಗವಾಯಿತು. (2023ರಿಂದ ಆ ಊರು ಛತ್ರಪತಿ ಸಂಭಾಜಿನಗರ.) ಗುರುತಿಲ್ಲದ ಊರಿನಲ್ಲಿ ಶುರುವಾಯಿತು ನೋಡಿ: ಓಕರಿಕೆ, ತಲೆಭಾರ, ಹೊತ್ತಲ್ಲದ ಹೊತ್ತಿನಲ್ಲಿ ರಕ್ತದ ಕಲೆ. ಫೋನಿನಲ್ಲಿ ಓಕರಿಕೆ ಎಂದದ್ದೇ ತಡ, ಅವ್ವ ‘ಸಿಹಿ ಸುದ್ದಿ ಏನವಾ?’ ಎಂದಳು. ಬಾಯಿ ಕಟ್ಟಿತು.

ಪಕ್ಕದ ಮನೆಯ ವಹಿನಿ ದವಾಖಾನೆಗೆ ಕರೆದೊಯ್ದರು. ಮೈ ಒಗ್ಗಲು ಮೂರು ತಿಂಗಳಾದರೂ ಬೇಕು, ನಡುವೆ ಬಿಡಬೇಡಿ, ರಾತ್ರಿ ಉಂಡು ಒಂದೇ ಹೊತ್ತಿಗೆ ತಗೊಳ್ಳಿ ಎಂದರು ಅಲ್ಲಿಯವರು. ಎದೆನೋವು, ಕಾಲು ಬಾತು ನೋವು, ಕಣ್ಣು ಮಂಜು, ಸಹಿಸಲಾಗದ ತಲೆನೋವು ಬಂದರೆ ಮಾತ್ರ ತಕ್ಷಣ ಬನ್ನಿ ಎಂದರು.

ಮೂರನೆಯ ತಿಂಗಳು ಕಲೆ ನಿಂತಿತು. ಆಗ ಧೈರ್ಯ ಮಾಡಿ ಅವ್ವನಿಗೆ ಹೇಳಿದೆ. ಬೈಗುಳಕ್ಕೆ ಕಾದೆ.

‘ನಮಗ ಇದನ್ನ ಯಾರೂ ಹೇಳಲಿಲ್ಲವಾ’ ಎಂದಳು ಅವ್ವ. ‘ನೀ ಐದನೇದಾಕಿ.’